ಸಂಡೂರು ಗುಡ್ಡದ ಅಲೆಅಲೆ ಕಲ್ಲು: ಇದು ಪಳೆಯುಳಿಕೆಯಾ, ಬರೀ ಕಲ್ಲಾ?

ಸಂಡೂರು ಮೇಷ್ಟ್ರು · ಭಾನುವಾರ ಬೆಳಿಗ್ಗೆ 8:12

ಎಲ್ಲರಿಗೂ ನಮಸ್ಕಾರ. ನಾನು ಸಂಡೂರು ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಶುಕ್ರವಾರ ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಟವೆಲಿನಲ್ಲಿ ಸುತ್ತಿಕೊಂಡು ಒಂದು ಕಲ್ಲು ತಂದಳು. ಅವಳ ಅಪ್ಪ ಕುರಿ ಮೇಯಿಸುವವರು, ಗುಡ್ಡದ ಕೆಳಗೆ ಹಳ್ಳದ ದಂಡೆಯಲ್ಲಿ ಅವರಿಗೆ ಸಿಕ್ಕಿದ್ದಂತೆ. ಇಟ್ಟಿಗೆಯಷ್ಟೇ ಗಾತ್ರ, ಆದರೆ ಎತ್ತಿದರೆ ಇಟ್ಟಿಗೆಗಿಂತ ತುಂಬಾ ಭಾರ. ಒಂದು ಬದಿ ಹೊಸದಾಗಿ ಒಡೆದಿದೆ. ಅಲ್ಲಿ ಕೆಂಪು, ಕಪ್ಪು, ಮತ್ತೆ ಕೆಂಪು, ಮತ್ತೆ ಕಪ್ಪು ಗೆರೆಗಳು. ಕೆಲವು ಬೆರಳಿನಷ್ಟು ದಪ್ಪ, ಕೆಲವು ದಾರದಷ್ಟು ಸಣ್ಣ. ಎಲ್ಲಾ ಗೆರೆಗಳೂ ಅಲೆಯ ಹಾಗೆ ಎದ್ದು ಇಳಿದಿವೆ.

"ಸರ್, ಇದು ಜೀವ ಇದ್ದದ್ದಾ?" ಅಂತ ಕೇಳಿದಳು. ಎಲ್ಲೋ ಸ್ಟ್ರೊಮಾಟೊಲೈಟ್ ಚಿತ್ರ ನೋಡಿದ್ದಾಳೆ. ಸೂಕ್ಷ್ಮಜೀವಿಗಳು ಪದರದ ಮೇಲೆ ಪದರ ಕಟ್ಟಿ ಬೆಳೆಸಿದ ಕಲ್ಲು ಅಂತಾರಲ್ಲ, ಅದು. ನನಗೂ ನೋಡಿದ ಕೂಡಲೇ ಹಾಗೇ ಅನ್ನಿಸಿತು. ಸೋಮವಾರ ಅವಳಿಗೆ ಉತ್ತರ ಹೇಳಬೇಕು, ಸುಮ್ನೆ ಹೌದು ಅಂದುಬಿಡಲು ಮನಸ್ಸಿಲ್ಲ. ನಮ್ಮ ಗುಡ್ಡದಲ್ಲಿ ಅಷ್ಟು ಹಳೇ ಜೀವದ ಗುರುತು ಇದೆಯಾ? ಇದ್ದರೆ ಪತ್ತೆ ಮಾಡುವುದು ಹೇಗೆ? ಫೋಟೋ ಹಾಕಿದ್ದೇನೆ, ತಿಳಿದವರು ಹೇಳಿ.

ತೋರಣಗಲ್ಲು ಶಿಫ್ಟ್

ಸರ್, ಇದು ಅದಿರು ಕಲ್ಲು. ಇಂಥದ್ದು ದಿನಾ ಲಾರಿಗಟ್ಟಲೆ ನೋಡುತ್ತೇನೆ.

ಹಂಪಿ ಗೈಡ್

ಅದಿರು ಅಂತ ಒಂದೇ ಮಾತಲ್ಲಿ ತಳ್ಳಿಹಾಕಬೇಡಿ ಅಣ್ಣಾ. ನಮ್ಮ ಕಡೆ ಕಲ್ಲಲ್ಲಿ ಏನೇನೋ ಇದೆ. ನನ್ನ ಹತ್ತಿರ ಒಂದು ಚಪ್ಪಡಿ ಚೂರಿದೆ, ಅದರ ಮೇಲೆ ಸಣ್ಣ ಗಿಡ ಅಚ್ಚೊತ್ತಿದ ಹಾಗೆ ಇದೆ. ಕಾಂಡ, ಕೊಂಬೆ, ಎಲೆ ಎಲ್ಲಾ ಕಪ್ಪಗೆ ಸ್ಪಷ್ಟವಾಗಿ ಕಾಣುತ್ತದೆ. ಪ್ರವಾಸಿಗರಿಗೆ ತೋರಿಸಿದರೆ ಬೆರಗಾಗುತ್ತಾರೆ. ಅದು ಗಿಡದ ಪಳೆಯುಳಿಕೆಯೇ ಅಲ್ವಾ?

ಹಟ್ಟಿ ಹುಡುಗ

ಅಲ್ಲ ಅಣ್ಣಾ. ಅದು ಮ್ಯಾಂಗನೀಸ್. ಕಲ್ಲಿನ ಸಣ್ಣ ಬಿರುಕಿನಲ್ಲಿ ಮ್ಯಾಂಗನೀಸ್ ಕರಗಿದ ನೀರು ಹರಿದು, ಒಣಗುತ್ತಾ ಒಣಗುತ್ತಾ ಕೊಂಬೆ ಒಡೆದ ಹಾಗೆ ಹರಡುತ್ತದೆ. ಡೆಂಡ್ರೈಟ್ ಅಂತಾರೆ. ಜೀವಕ್ಕೂ ಅದಕ್ಕೂ ಸಂಬಂಧ ಇಲ್ಲ. ಲೆನ್ಸ್ ಹಿಡಿದು ನೋಡಿ, ಎಲೆಯ ನರ ಕಾಣಲ್ಲ, ಕಾಂಡಕ್ಕೆ ದಪ್ಪ ಇರಲ್ಲ, ಮಸಿ ಚೆಲ್ಲಿದ ಹಾಗೆ ಮೇಲ್ಮೈಗೆ ಅಂಟಿಕೊಂಡಿರುತ್ತದೆ ಅಷ್ಟೇ. ನಾನು ಗಣಿಯಲ್ಲಿ ಸ್ಯಾಂಪಲ್ ವಿಭಾಗದಲ್ಲಿ ಕೆಲಸ ಮಾಡುವವನು. ಹೊಸ ಹುಡುಗರು ತಿಂಗಳಿಗೊಬ್ಬರಾದರೂ ಇದನ್ನು ಗಿಡ ಅಂತ ಎತ್ತಿಕೊಂಡು ಬರುತ್ತಾರೆ.

ಇನ್ನೊಂದು ಮಾತು. ಹಂಪಿಯ ಬಂಡೆ ಗ್ರಾನೈಟ್. ಭೂಮಿಯೊಳಗೆ ಕರಗಿದ್ದು ಆರಿ ಗಟ್ಟಿಯಾದ ಕಲ್ಲು. ಅದರೊಳಗೆ ಪಳೆಯುಳಿಕೆ ಹುಡುಕಬಾರದು. ಹುಡುಕುವುದಾದರೆ ನೀರಿನಡಿ ಕೂತ ಕಲ್ಲಿನಲ್ಲಿ ಹುಡುಕಬೇಕು. ಅದು ಸಂಡೂರಿನಲ್ಲಿ ಇದೆ, ಹಂಪಿಯಲ್ಲಿ ಇಲ್ಲ.

ಹಂಪಿ ಗೈಡ್

ಐದು ವರ್ಷದಿಂದ ಗಿಡ ಅಂತ ತೋರಿಸಿದ್ದೇನೆ. ಇನ್ನು ಮುಂದೆ ಮ್ಯಾಂಗನೀಸ್ ಅಂತಲೇ ಹೇಳುತ್ತೇನೆ. ಅದೂ ಚಂದದ ಕಥೆಯೇ.

ಗಂಗಾವತಿ ಅಕ್ಕ

ಮೇಷ್ಟ್ರೇ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ ಹೌದು. ನಮ್ಮ ಗುಡ್ಡದಲ್ಲಿ ಇದೆ. ಇದನ್ನು ನಮ್ಮ ಜಿಲ್ಲೆಯ ಮಕ್ಕಳಿಗೆ ಯಾರೂ ಹೇಳುವುದೇ ಇಲ್ಲ, ಅದು ನನಗೆ ಬೇಜಾರು.

1987ರಲ್ಲಿ ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ನಖ್ವಿ, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ವೆಂಕಟಾಚಲ ಮತ್ತು ಅವರ ಜೊತೆಗಾರರು ಸಂಡೂರಿನ ಚರ್ಟ್ ಕಲ್ಲಿನೊಳಗೆ ಸಯನೋಬ್ಯಾಕ್ಟೀರಿಯಾದ, ಅಂದರೆ ಬಿಸಿಲಿನಿಂದ ಬದುಕಿ ಆಕ್ಸಿಜನ್ ಬಿಡುವ ಬ್ಯಾಕ್ಟೀರಿಯಾದ, ಪಳೆಯುಳಿಕೆ ಇದೆ ಅಂತ ಪ್ರಕಟಿಸಿದರು. ಪ್ರಕಟವಾದದ್ದು ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ. ಸಂಡೂರಿನ ಈ ಕಲ್ಲುಗಳ ವಯಸ್ಸು 260 ಕೋಟಿ ವರ್ಷಕ್ಕೂ ಜಾಸ್ತಿ. ಸ್ಟ್ರೊಮಾಟೊಲೈಟ್ ಕೂಡ ಅಲ್ಲಿ ವರದಿಯಾಗಿದೆ. ಚಿತ್ರದುರ್ಗದ ಕಡೆಯ ಹಳೇ ಕಲ್ಲುಗಳಲ್ಲೂ ಇದೆ. ಬಾಗಲಕೋಟೆ ಕಡೆ ಕಲಾದಗಿ ಸೀಮೆಯ ಸುಣ್ಣಕಲ್ಲಿನಲ್ಲೂ ಇದೆ, ಅದು ಅಷ್ಟು ಹಳೆಯದಲ್ಲ.

ಚರ್ಟ್ ಅಂದರೆ ಏನು ಅಂತ ಮಕ್ಕಳಿಗೆ ಹೀಗೆ ಹೇಳಿ. ನೀರಿನಲ್ಲಿ ಕರಗಿದ ಸಿಲಿಕಾ ಗಂಜಿಯ ಹಾಗೆ ಮಂದವಾಗಿ, ಆಮೇಲೆ ಗಟ್ಟಿಯಾಗಿ ಕಲ್ಲಾಗುತ್ತದೆ. ಆ ಗಂಜಿಯಲ್ಲಿ ಒಂದು ಬ್ಯಾಕ್ಟೀರಿಯಾ ಸಿಕ್ಕಿಕೊಂಡರೆ, ಕೊಳೆತು ಕರಗುವ ಮೊದಲೇ ಅದರ ಸುತ್ತ ಕಲ್ಲು ಕಟ್ಟಿಬಿಡುತ್ತದೆ. ಮಿಕ್ಕುವುದು ಒಂದಿಷ್ಟು ಇಂಗಾಲದ ಗುರುತು, ಜೀವಕೋಶದ ಗೋಡೆಯ ನೆರಳು. ಇಂಥ ಬ್ಯಾಕ್ಟೀರಿಯಾ ಸಾಲಾಗಿ ಸೇರಿ ಆದ ಎಳೆಯ ಅಗಲ ಕೆಲವೇ ಮೈಕ್ರಾನ್, ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ನಮ್ಮ ತಲೆಕೂದಲು ಸುಮಾರು 70 ಮೈಕ್ರಾನ್. ಅಂದರೆ ಒಂದು ಕೂದಲಿನ ಅಗಲದಲ್ಲಿ ಹತ್ತು ಎಳೆ ಪಕ್ಕಪಕ್ಕ ಮಲಗಬಹುದು. ಬರಿಗಣ್ಣಿಗೆ ಕಾಣುವ ಗೆರೆ ನೋಡಿ ಅದನ್ನು ಹೇಳಲು ಆಗಲ್ಲ.

ಸಂಡೂರು ಮೇಷ್ಟ್ರು

ಅಕ್ಕಾ, ಇದನ್ನು ಓದಿ ಮೈ ಜುಮ್ ಅಂದಿತು. ಹದಿನಾಲ್ಕು ವರ್ಷದಿಂದ ಇಲ್ಲೇ ಪಾಠ ಮಾಡುತ್ತಿದ್ದೇನೆ. ಜೀವದ ಉಗಮದ ಪಾಠ ಬಂದಾಗೆಲ್ಲ ಆಸ್ಟ್ರೇಲಿಯಾ, ಗ್ರೀನ್‌ಲ್ಯಾಂಡ್ ಹೆಸರು ಹೇಳಿದ್ದೇನೆ. ಕಿಟಕಿಯಲ್ಲಿ ಕಾಣುವ ಗುಡ್ಡದ ಹೆಸರು ಒಮ್ಮೆಯೂ ಹೇಳಿಲ್ಲ.

ರಾಯಚೂರು ಬಿಸಿಲು

ಮೇಷ್ಟ್ರೇ, ಖುಷಿಪಡಿ, ಆದರೆ ನಿಧಾನ. ನಾನು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳುವವನು. ಈ ವಿಷಯದಲ್ಲಿ ದೊಡ್ಡದೊಡ್ಡವರೇ ಎಡವಿದ್ದಾರೆ. ಒಂದು ಜಗಳದ ಕಥೆ ಹೇಳುತ್ತೇನೆ.

1993ರಲ್ಲಿ ಅಮೆರಿಕದ ವಿಲಿಯಂ ಶಾಫ್ ಅವರು ಪಶ್ಚಿಮ ಆಸ್ಟ್ರೇಲಿಯಾದ ಏಪೆಕ್ಸ್ ಚರ್ಟ್ ಎಂಬ ಕಲ್ಲಿನಲ್ಲಿ 11 ಬಗೆಯ ಸೂಕ್ಷ್ಮಜೀವಿಗಳ ಪಳೆಯುಳಿಕೆ ಸಿಕ್ಕಿದೆ ಅಂದರು. ವಯಸ್ಸು ಸುಮಾರು 346 ಕೋಟಿ ವರ್ಷ. ಮಣಿಸರದ ಹಾಗೆ ಪೋಣಿಸಿಕೊಂಡ ಕೋಶಗಳ ಚಿತ್ರ. ಪಠ್ಯಪುಸ್ತಕಗಳಿಗೆಲ್ಲ ಅದೇ ಚಿತ್ರ ಹೋಯಿತು. 2002ರಲ್ಲಿ ಆಕ್ಸ್‌ಫರ್ಡಿನ ಮಾರ್ಟಿನ್ ಬ್ರೇಸಿಯರ್ ಅದೇ ಕಲ್ಲನ್ನು ಮತ್ತೆ ನೋಡಿದರು. ಮೊದಲು ಆ ಜಾಗಕ್ಕೇ ಹೋಗಿ ನೋಡಿದರು. ಅದು ಸಮುದ್ರದ ತಳವೇ ಅಲ್ಲ, ಬಿಸಿನೀರು ನುಗ್ಗಿ ಬಂದ ಬಿರುಕಿನಲ್ಲಿ ಕಟ್ಟಿದ ಕಲ್ಲು. ಮೈಕ್ರೋಸ್ಕೋಪಿನ ಫೋಕಸ್ ಸ್ವಲ್ಪ ಮೇಲೆ ಕೆಳಗೆ ಮಾಡಿದರೆ ಮಣಿಸರ ಕೊಂಬೆ ಒಡೆಯುತ್ತದೆ, ಮಡಚಿಕೊಳ್ಳುತ್ತದೆ. ಬ್ಯಾಕ್ಟೀರಿಯಾ ಹಾಗೆ ಇರಲ್ಲ. ಹರಳು ಬೆಳೆಯುವಾಗ ಇಂಗಾಲವನ್ನು ಅಂಚಿಗೆ ತಳ್ಳಿದ್ದು ಅಷ್ಟೇ ಅಂದರು. 2015ರಲ್ಲಿ ಅವರ ತಂಡ ಇನ್ನೂ ಸೂಕ್ಷ್ಮವಾಗಿ ನೋಡಿ, ಜೇಡಿಯ ಪದರಗಳಿಗೆ ಇಂಗಾಲ ಅಂಟಿಕೊಂಡ ರಚನೆ ಅದು ಅಂತ ತೋರಿಸಿತು. ಶಾಫ್ ಬಿಡಲಿಲ್ಲ. ಆ ಎಳೆಗಳಲ್ಲಿ ಒಂದೊಂದರದೇ ಇಂಗಾಲ ಅಳೆದು ಜೀವದ್ದೇ ಅಂತ ಮತ್ತೆ ಬರೆದರು.

ಆಕಾರ ನೋಡಿ ಮೋಸ ಹೋಗಬೇಡಿ, ನನ್ನ ಮಾತು ಇಷ್ಟೇ. ಲ್ಯಾಬಿನಲ್ಲಿ ಬೇರಿಯಂ ಕಾರ್ಬೊನೇಟ್ ಮತ್ತು ಸಿಲಿಕಾ ಸೇರಿಸಿ ಸುರುಳಿ ಸುರುಳಿ ಹುಳದಂಥ ಆಕಾರ ಬೆಳೆಸಬಹುದು. 2003ರಲ್ಲಿ ಗಾರ್ಸಿಯಾ ರುಯಿಜ್ ತಂಡ ಮಾಡಿ ತೋರಿಸಿದೆ. ಅದರಲ್ಲಿ ಜೀವ ಅನ್ನುವುದು ಒಂಚೂರೂ ಇಲ್ಲ.

ಗಂಗಾವತಿ ಅಕ್ಕ

ಸರ್, ನೀವು ಅರ್ಧ ಕಥೆ ಹೇಳಿದಿರಿ. ಅದೇ ಬ್ರೇಸಿಯರ್ 2011ರಲ್ಲಿ, ಡೇವಿಡ್ ವೇಸಿ ಅವರ ಜೊತೆ, ಅದೇ ಆಸ್ಟ್ರೇಲಿಯಾದ ಸ್ಟ್ರೆಲ್ಲಿ ಪೂಲ್ ಎಂಬಲ್ಲಿ 340 ಕೋಟಿ ವರ್ಷದ ಸೂಕ್ಷ್ಮ ಪಳೆಯುಳಿಕೆ ಪ್ರಕಟಿಸಿದರು. ಹಳೇ ಕಡಲತೀರದ ಮರಳುಗಲ್ಲು ಅದು. ಇಲ್ಲ ಅಂದವರೇ ಇದೆ ಅಂದರು. ಅಂದರೆ ಅವರಿಗೆ ಜೀವದ ಮೇಲೆ ಅನುಮಾನ ಇರಲಿಲ್ಲ, ಆ ಒಂದು ಕಲ್ಲಿನ ಮೇಲೆ ಇತ್ತು.

ರಾಯಚೂರು ಬಿಸಿಲು

ಅದು ಸರಿ ತಾಯಿ, ಒಪ್ಪಿದೆ. ಆ ಕೆಲಸದ ಮೇಲೆ ನನಗೂ ಗೌರವ ಇದೆ.

ಕುಡತಿನಿಯವ

ಕೆಮಿಸ್ಟ್ರಿ ಸರ್ ಹೇಳಿದ್ದು ಓದಿ ನಮ್ಮೂರ ಬೂದಿಗುಡ್ಡ ನೆನಪಾಯಿತು. ಬಳ್ಳಾರಿ ರಸ್ತೆಯಲ್ಲಿ ಹೋಗುವವರೆಲ್ಲ ನೋಡಿರುತ್ತೀರಿ. ನಮ್ಮಜ್ಜಿ ಅದನ್ನು ರಾಕ್ಷಸನ್ನ ಸುಟ್ಟ ಬೂದಿ ಅನ್ನುತ್ತಿದ್ದಳು. ಹಂಪಿ ಹತ್ತಿರ ನಿಂಬಾಪುರದ ಬೂದಿಯನ್ನು ವಾಲಿಯನ್ನ ಸುಟ್ಟ ಜಾಗ ಅಂತಾರೆ. ಇಂಗ್ಲಿಷರ ಕಾಲದಲ್ಲಿ ಜ್ವಾಲಾಮುಖಿಯ ಬೂದಿ ಅಂದವರೂ ಇದ್ದರು. ನೂರು ವರ್ಷಕ್ಕೂ ಜಾಸ್ತಿ ಈ ಜಗಳ ನಡೆಯಿತು. ಕೊನೆಗೆ 1960ರಲ್ಲಿ ಝಾಯ್ನರ್ ಎಂಬವರು ಅದನ್ನು ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದ್ದನ್ನು ಪ್ರಕಟಿಸಿದರು. ಹುಲ್ಲಿನೊಳಗಿನ ಸಣ್ಣ ಸಣ್ಣ ಸಿಲಿಕಾ ಕಣಗಳು. ಅಂದರೆ ಅದು ಸುಟ್ಟ ಸಗಣಿ! ಇಂಥದ್ದೇ ಬೂದಿಗುಡ್ಡ ಇರುವ ಉತ್ನೂರಿನಲ್ಲಿ ಆಲ್ಚಿನ್ ಎಂಬ ಪುರಾತತ್ವಜ್ಞರು ಅಗೆದಾಗ ದನಗಳ ಗೊರಸಿನ ಗುರುತೇ ಸಿಕ್ಕಿತು. ಹೊಸ ಶಿಲಾಯುಗದ ದನಗಾಹಿಗಳು ದೊಡ್ಡಿಯ ಸಗಣಿ ರಾಶಿಗೆ ಬೆಂಕಿ ಇಟ್ಟಿದ್ದರು.

ನಮ್ಮೂರಿನ ಪ್ರಶ್ನೆಯೂ ಕಣ್ಣಿಗೆ ಕಾಣದ ಕಣದಿಂದಲೇ ಇತ್ಯರ್ಥ ಆಗಿದ್ದು ನೋಡಿ.

ಗಂಗಾವತಿ ಅಕ್ಕ

ಅಣ್ಣಾ, ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲ್ಲ. ಆಕಾರ ನೋಡಿ ಗುಡ್ಡ ಅಂದರು, ಒಳಗೆ ನೋಡಿ ಸಗಣಿ ಅಂದರು.

ಸಿರುಗುಪ್ಪ ರೈತ

ಬೂದಿಗುಡ್ಡದ ಮಣ್ಣನ್ನು ಜನ ಗೊಬ್ಬರಕ್ಕೆ ಹೊತ್ತು ಹೊತ್ತು ಎಷ್ಟೋ ಗುಡ್ಡ ಕರಗಿಹೋಗಿವೆ. ನಮ್ಮ ಅಪ್ಪನ ಕಾಲದಲ್ಲಿ ಬಂಡಿಯಲ್ಲಿ ತರುತ್ತಿದ್ದರು. ಈಗ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ.

ಹಂಪಿ ಗೈಡ್

ಮೋಸ ಹೋಗುವ ಮಾತು ಬಂತಲ್ಲ, ಇದನ್ನು ಹೇಳಲೇಬೇಕು. ಮಧ್ಯಪ್ರದೇಶದ ಭೀಮಬೇಟ್ಕಾ ಗುಹೆಯ ಸೂರಿನಲ್ಲಿ ಡಿಕಿನ್ಸೋನಿಯಾ ಎಂಬ ಸುಮಾರು 55 ಕೋಟಿ ವರ್ಷದ ಜೀವಿಯ ಅಚ್ಚು ಸಿಕ್ಕಿತು ಅಂತ 2021ರಲ್ಲಿ ದೊಡ್ಡ ಸುದ್ದಿ ಆಯಿತು. ಎಲ್ಲಾ ಪೇಪರಿನಲ್ಲೂ ಬಂತು. ಆಮೇಲೆ ಫ್ಲೋರಿಡಾದ ತಂಡ ಹೋಗಿ ನೋಡಿದರೆ ಆ ಅಚ್ಚು ಸಿಪ್ಪೆ ಸುಲಿದು ಉದುರುತ್ತಿತ್ತು. ಅದು ಹೆಜ್ಜೇನಿನ ಗೂಡು ಕಿತ್ತುಹೋದ ಮೇಲೆ ಬಂಡೆಗೆ ಅಂಟಿಕೊಂಡಿದ್ದ ಕಲೆ! 2023ರಲ್ಲಿ ಬರೆದರು. ಮೊದಲು ಪಳೆಯುಳಿಕೆ ಅಂದಿದ್ದವರೂ ತಪ್ಪಾಯಿತು ಅಂತ ಒಪ್ಪಿಕೊಂಡರು.

ನಮ್ಮ ಹಂಪಿಯ ಬಂಡೆಗಳ ಕೆಳಗೂ ಹೆಜ್ಜೇನು ಕಟ್ಟುತ್ತದೆ. ಗೂಡು ಹೋದ ಮೇಲೆ ಬಂಡೆಗೆ ಎಲೆಯಾಕಾರದ ಮೇಣದ ಕಲೆ ಉಳಿಯುತ್ತದೆ, ನಡುವೆ ಗೆರೆ, ಎರಡೂ ಕಡೆ ಪಕ್ಕೆಲುಬಿನ ಹಾಗೆ. ಜೇನು ಕೀಳುವ ಹುಡುಗರನ್ನು ಕೇಳಿದ್ದರೆ ಒಂದೇ ನಿಮಿಷದಲ್ಲಿ ಹೇಳುತ್ತಿದ್ದರು.

ಹಟ್ಟಿ ಹುಡುಗ

ತಪ್ಪು ಒಪ್ಪಿಕೊಂಡರಲ್ಲ, ಅದು ದೊಡ್ಡದು. ಉಲ್ಟಾ ಕಥೆಯೂ ಇದೆ. 1998ರಲ್ಲಿ ರಫತ್ ಆಜ್ಮಿ ಎಂಬ ನಮ್ಮ ದೇಶದ ವಿಜ್ಞಾನಿ ವಿಂಧ್ಯದ ಸುಣ್ಣಕಲ್ಲಿನಲ್ಲಿ ಸಣ್ಣ ಪಳೆಯುಳಿಕೆ ಸಿಕ್ಕಿವೆ ಅಂದಾಗ ಜನ ಅವರನ್ನು ನಂಬಲಿಲ್ಲ, ಬಹಳ ಕಷ್ಟ ಕೊಟ್ಟರು. 2009ರಲ್ಲಿ ಸ್ವೀಡನ್ನಿನ ಬೆಂಗ್ಟ್‌ಸನ್ ತಂಡ ಬಂದು ನೋಡಿದರೆ ಪಳೆಯುಳಿಕೆ ನಿಜ! ವಯಸ್ಸು ಮಾತ್ರ ಆಜ್ಮಿ ಹೇಳಿದ್ದಕ್ಕಿಂತ ತುಂಬಾ ಹಳೆಯದು, ಸುಮಾರು 160 ಕೋಟಿ ವರ್ಷ. 2017ರಲ್ಲಿ ಚಿತ್ರಕೂಟದ ಕಲ್ಲಿನಿಂದ ಕೆಂಪು ಪಾಚಿಯಂಥ ಜೀವಿಗೆ ರಫತಾಜ್ಮಿಯಾ ಅಂತ ಅವರದೇ ಹೆಸರಿಟ್ಟರು.

ತೋರಣಗಲ್ಲು ಶಿಫ್ಟ್

ಇದನ್ನು ಓದಿ ಕಣ್ಣು ತುಂಬಿ ಬಂತು.

ಕುಷ್ಟಗಿ ಕಲ್ಲು

ನಾನು ಗ್ರಾನೈಟ್ ಪಾಲಿಶ್ ಕೆಲಸದವನು. ಮೈಕ್ರೋಸ್ಕೋಪಿನಲ್ಲಿ ಕಲ್ಲು ನೋಡುತ್ತಾರೆ ಅಂತೀರಿ, ಬೆಳಕು ಕಲ್ಲಿನೊಳಗೆ ಹೋಗುವುದು ಹೇಗೆ? ನಮ್ಮ ಕಟರಿನಲ್ಲಿ ಎಷ್ಟೇ ತೆಳು ಕುಯ್ದರೂ ಕೆಲವು ಮಿಲಿಮೀಟರಿಗಿಂತ ಕಡಿಮೆ ಬರಲ್ಲ, ಒಡೆಯುತ್ತದೆ.

ಹಟ್ಟಿ ಹುಡುಗ

ಒಳ್ಳೆ ಪ್ರಶ್ನೆ ಅಣ್ಣಾ, ಇದು ಕೈಕೆಲಸ. ಮೊದಲು ಕಲ್ಲಿನ ಬಿಲ್ಲೆ ಕುಯ್ದು ಒಂದು ಮುಖ ನುಣ್ಣಗೆ ಉಜ್ಜುತ್ತೇವೆ. ಆ ಮುಖವನ್ನು ಗಾಜಿನ ಪಟ್ಟಿಗೆ ಅಂಟು ಹಾಕಿ ಕೂರಿಸುತ್ತೇವೆ, ಒಳಗೆ ಒಂದು ಗಾಳಿಗುಳ್ಳೆಯೂ ಇರಬಾರದು. ಆಮೇಲೆ ಇನ್ನೊಂದು ಬದಿ ಕುಯ್ದು, ಗಾಜಿನ ಹಲಗೆ ಮೇಲೆ ಕಾರ್ಬೊರಂಡಮ್ ಎಂಬ ಗಟ್ಟಿ ಉಜ್ಜುವ ಪುಡಿ, ನೀರು ಹಾಕಿ ಉಜ್ಜುತ್ತಾ ಹೋಗುವುದು. ದಪ್ಪ ಪುಡಿ, ಆಮೇಲೆ ಸಣ್ಣ ಪುಡಿ, ಆಮೇಲೆ ಹಿಟ್ಟಿನಂಥ ಪುಡಿ. ಗುರಿ 0.03 ಮಿಲಿಮೀಟರ್. ಅಷ್ಟಾದಾಗ ಕಲ್ಲು ಗಾಜಿನ ಹಾಗೆ ಬೆಳಕು ಬಿಡುತ್ತದೆ.

ದಪ್ಪ ಅಳೆಯುವುದು ಹೇಗೆ ಅಂದರೆ ಕಣ್ಣಿಂದಲೇ. ಒಂದೇ ದಿಕ್ಕಿನ ಬೆಳಕನ್ನು ಬಿಡುವ ಎರಡು ಪೋಲರಾಯ್ಡ್ ಹಾಳೆಗಳ ನಡುವೆ ಇಟ್ಟು ನೋಡಿದಾಗ ಬೆಣಚುಕಲ್ಲು ಬಣ್ಣಬಣ್ಣವಾಗಿ ಕಂಡರೆ ಇನ್ನೂ ದಪ್ಪ ಇದೆ ಅಂತ ಅರ್ಥ. ಬೂದು ಬಣ್ಣಕ್ಕೆ ಬಂದರೆ ಸರಿಯಾಗಿದೆ. ಅಲ್ಲಿಗೆ ಕೈ ನಿಲ್ಲಿಸಬೇಕು. ಇನ್ನೆರಡು ಸಲ ಉಜ್ಜಿದರೆ ಕಲ್ಲೇ ಮಾಯ, ಬರೀ ಗಾಜು ಉಳಿಯುತ್ತದೆ. ಕಲಿಯುವಾಗ ಎಷ್ಟೋ ಕಲ್ಲು ನನ್ನ ಕೈಯಲ್ಲಿ ಹಾಗೆ ಹೋಗಿವೆ.

ಕುಷ್ಟಗಿ ಕಲ್ಲು

ಯಪ್ಪಾ! ಇದು ನಮ್ಮ ಕೆಲಸಕ್ಕಿಂತ ನಾಜೂಕು. ಮೇಷ್ಟ್ರೇ, ನಿಮ್ಮ ಹುಡುಗಿಯ ಕಲ್ಲು ಕುಯ್ಯಬೇಕು ಅಂದರೆ ಹೇಳಿ, ದುಡ್ಡು ಬೇಡ, ನಾನೇ ಬಿಲ್ಲೆ ಮಾಡಿಕೊಡುತ್ತೇನೆ.

ರಾಯಚೂರು ಬಿಸಿಲು

ಕುಯ್ಯುವ ಮೊದಲು ಮೂರು ಪರೀಕ್ಷೆ ಮನೆಯಲ್ಲೇ ಮಾಡಬಹುದು ಮೇಷ್ಟ್ರೇ. ಅಯಸ್ಕಾಂತ ಹಿಡಿದು ನೋಡಿ. ಲ್ಯಾಬಿನ ಹೈಡ್ರೋಕ್ಲೋರಿಕ್ ಆಸಿಡ್ ನೀರು ಬೆರೆಸಿ ಒಂದು ಹನಿ ಬಿಡಿ, ಕನ್ನಡಕ ಹಾಕಿಕೊಂಡು. ಸುಣ್ಣಕಲ್ಲಾದರೆ ತಕ್ಷಣ ಬುಸುಬುಸು ನೊರೆ ಬರುತ್ತದೆ. ಸುಣ್ಣಕಲ್ಲಿನ ಹತ್ತಿರದ ಜಾತಿ ಡಾಲಮೈಟ್ ಆದರೆ ಹಾಗೇ ಬರಲ್ಲ, ಚೂರು ಕೆರೆದು ಪುಡಿ ಮಾಡಿ ಹನಿ ಬಿಟ್ಟರೆ ಬರುತ್ತದೆ. ಚರ್ಟ್, ಕಬ್ಬಿಣ ಎರಡಕ್ಕೂ ಏನೂ ಆಗಲ್ಲ.

ಮೂರನೆಯದು ಅಲೆಯ ಪರೀಕ್ಷೆ. ಎಲ್ಲಾ ಪದರ ಒಂದೇ ತರ ಬಾಗಿದೆಯಾ, ಪುಸ್ತಕ ಮಡಚಿದ ಹಾಗೆ? ಹಾಗಿದ್ದರೆ ಭೂಮಿಯ ಒತ್ತಡಕ್ಕೆ ಮಡಿಚಿದ್ದು. ಜೀವ ಕಟ್ಟಿದ್ದಾದರೆ ಉಬ್ಬು ಯಾವಾಗಲೂ ಮೇಲ್ಮುಖ. ಉಬ್ಬಿನ ನೆತ್ತಿಯಲ್ಲಿ ಪದರ ದಪ್ಪ, ಇಳಿಜಾರಿನಲ್ಲಿ ತೆಳು, ಯಾಕೆಂದರೆ ಬೆಳಕು ಜಾಸ್ತಿ ಬೀಳುವ ಕಡೆ ಅದು ಜಾಸ್ತಿ ಬೆಳೆಯುತ್ತದೆ. ಎರಡು ಉಬ್ಬಿನ ನಡುವಿನ ಗುಂಡಿಯಲ್ಲಿ ಮರಳು ತುಂಬಿರುತ್ತದೆ.

ಗ್ರೀನ್‌ಲ್ಯಾಂಡಿನಲ್ಲೂ ಇದೇ ವಾದ ಆಯಿತು. ಇಸುವಾ ಎಂಬಲ್ಲಿ 370 ಕೋಟಿ ವರ್ಷದ ಕಲ್ಲಿನಲ್ಲಿ 1 ರಿಂದ 4 ಸೆಂಟಿಮೀಟರ್ ಎತ್ತರದ ಮೊನೆಗಳು ಕಂಡವು, ಸ್ಟ್ರೊಮಾಟೊಲೈಟ್ ಅಂತ 2016ರಲ್ಲಿ ನಟ್‌ಮನ್ ತಂಡ ಹೇಳಿತು. 2018ರಲ್ಲಿ ಆಬಿಗೇಲ್ ಆಲ್‌ವುಡ್ ಹೋಗಿ ನೋಡಿದರೆ ಮೊನೆಗಳು ಮೊನೆಗಳೇ ಅಲ್ಲ, ಉದ್ದುದ್ದ ಏಣುಗಳ ಅಡ್ಡಕೊಯ್ತ. ಕೆಲವು ಮೇಲ್ಮುಖ, ಕೆಲವು ಕೆಳಮುಖ. ಕಲ್ಲು ಹಿಂಡಿಹೋಗಿದ್ದರಿಂದ ಆದದ್ದು ಅಂದರು. ನಟ್‌ಮನ್ ಕಡೆಯವರು ಒಪ್ಪಿಲ್ಲ, ಅದು ಬೇರೆ ಮಾತು.

ಸಿರುಗುಪ್ಪ ರೈತ

ಒಂದು ಕೇಳಲಾ? ಆಕಾರ ನಂಬಬಾರದು ಅಂತೀರಿ. ಹಾಗಾದರೆ ಏನನ್ನ ನಂಬಬೇಕು? ಎಲ್ಲಕ್ಕೂ ಅಲ್ಲ ಅಲ್ಲ ಅಂದರೆ ಆ ಮಗುವಿಗೆ ಏನು ಹೇಳುವುದು?

ಗಂಗಾವತಿ ಅಕ್ಕ

ಒಂದೇ ಸಾಕ್ಷಿ ನಂಬಬಾರದು ಅಷ್ಟೇ ಅಪ್ಪಾಜಿ. ಪಂಚಾಯ್ತಿ ಕಟ್ಟೆಯಲ್ಲಿ ಒಬ್ಬನ ಮಾತು ಕೇಳಿ ತೀರ್ಪು ಹೇಳುತ್ತೀರಾ? ಇಲ್ಲೂ ಹಾಗೆ.

ಮೊದಲು ಕಲ್ಲು ಯಾವುದು, ಎಲ್ಲಿ ಕೂತದ್ದು ಅಂತ ಗೊತ್ತಿರಬೇಕು. ಆಮೇಲೆ ಆ ಎಳೆ ಕಲ್ಲಿನಷ್ಟೇ ಹಳೆಯದಾ, ಇಲ್ಲ ನಿನ್ನೆ ಮೊನ್ನೆ ಬಿರುಕಿನಲ್ಲಿ ಹೊಕ್ಕ ಬ್ಯಾಕ್ಟೀರಿಯಾನಾ ಅಂತ ನೋಡಬೇಕು. ಬಿಸಿಲು ತಾಳಲಾರದೆ ಕಲ್ಲಿನೊಳಗೆ ಮನೆ ಮಾಡುವ ಸೂಕ್ಷ್ಮಜೀವಿಗಳು ಈಗಲೂ ಇವೆ! ಇಂಗಾಲದ ಎಳೆ ಹರಳಿನ ಒಳಗೇ ಹೂತಿದ್ದರೆ ನಂಬಿಕೆ ಜಾಸ್ತಿ. ಎಳೆ ಒಂದೇ ಅಗಲದಲ್ಲಿ ಇದೆಯಾ, ಒಳಗೆ ಟೊಳ್ಳಾ, ಅಡ್ಡಗೋಡೆ ಇದೆಯಾ, ಒಂದಲ್ಲ ಹತ್ತಾರು ಸಿಕ್ಕಿದೆಯಾ, ಕೆಲವು ಎರಡಾಗಿ ಒಡೆಯುವ ಹಂತದಲ್ಲಿ ಇವೆಯಾ.

ಆಮೇಲೆ ಇಂಗಾಲದ ಲೆಕ್ಕ. ಇಂಗಾಲದಲ್ಲಿ 12 ಮತ್ತು 13 ಅಂತ ಎರಡು ತೂಕ ಇವೆ. ಗಿಡ, ಪಾಚಿ, ಬ್ಯಾಕ್ಟೀರಿಯಾ ಎಲ್ಲವೂ ಹಗುರವಾದ 12ನ್ನೇ ಆರಿಸಿಕೊಳ್ಳುತ್ತವೆ. ಅದಕ್ಕೆ ಜೀವದಿಂದ ಬಂದ ಇಂಗಾಲದಲ್ಲಿ 13ರ ಪಾಲು ಸಾವಿರಕ್ಕೆ ಸುಮಾರು 25ರಷ್ಟು ಕಡಿಮೆ. ಜೀವ ಸತ್ತು ಕಲ್ಲಾಗಿ ಕೋಟ್ಯಂತರ ವರ್ಷ ಆದರೂ ಆ ಕೊರತೆ ಉಳಿಯುತ್ತದೆ. ಆಸ್ಟ್ರೇಲಿಯಾದ ಜ್ಯಾಕ್ ಹಿಲ್ಸಿನಲ್ಲಿ ಜಿರ್ಕಾನ್ ಎಂಬ ಬಹಳ ಗಟ್ಟಿ ಖನಿಜದ 10 ಸಾವಿರಕ್ಕೂ ಹೆಚ್ಚು ಹರಳು ಹುಡುಕಿ, ಒಂದೇ ಒಂದರಲ್ಲಿ 410 ಕೋಟಿ ವರ್ಷದ ಗ್ರಾಫೈಟ್ ಚುಕ್ಕಿ, ಅಂದರೆ ಇಂಗಾಲದ ಚುಕ್ಕಿ, ಸಿಕ್ಕಿತು. 2015ರಲ್ಲಿ ಬಂತು. ಅದರ ಇಂಗಾಲವೂ ಹಗುರ.

ರಾಯಚೂರು ಬಿಸಿಲು

ಬಿಸಿನೀರು, ಕಬ್ಬಿಣದ ಕಲ್ಲು, ಇಂಗಾಲದ ಅನಿಲ ಸೇರಿದರೆ ಜೀವ ಇಲ್ಲದೆಯೂ ಹಗುರ ಇಂಗಾಲ ಬರುತ್ತದೆ. ಒಂದು ಚುಕ್ಕಿಯ ಮೇಲೆ ಅಷ್ಟು ಭಾರ ಹಾಕಬಾರದು.

ಗಂಗಾವತಿ ಅಕ್ಕ

ಅದಕ್ಕೇ ಅಲ್ವಾ ಒಂದೇ ಸಾಕ್ಷಿ ಸಾಲದು ಅಂದದ್ದು.

ಸಂಡೂರು ಮೇಷ್ಟ್ರು · ಭಾನುವಾರ ಸಂಜೆ 6:40

ಮೂರೂ ಪರೀಕ್ಷೆ ಮಾಡಿದೆ. ಹುಡುಗಿ ಮತ್ತು ಅವಳ ಅಪ್ಪ ಕೂಡ ಬಂದಿದ್ದರು, ಮನೆ ಕಟ್ಟೆ ಮೇಲೆ ಇಟ್ಟುಕೊಂಡು ಮಾಡಿದೆವು. ಹಳೇ ಸ್ಪೀಕರಿನ ಅಯಸ್ಕಾಂತ ಹಿಡಿದರೆ ಕಪ್ಪು ಪಟ್ಟಿಗೆ ಟಕ್ ಅಂತ ಅಂಟಿತು, ಕೆಂಪು ಪಟ್ಟಿಗೆ ಅಂಟಲಿಲ್ಲ. ಆಸಿಡ್ ಹನಿಗೆ ಏನೂ ಆಗಲಿಲ್ಲ, ಕೆರೆದ ಪುಡಿಗೂ ಆಗಲಿಲ್ಲ. ಅಲೆ ನೋಡಿದರೆ ಎಲ್ಲಾ ಪದರ ಒಟ್ಟಿಗೇ ಬಾಗಿವೆ, ಒಂದು ಮೂಲೆಯಲ್ಲಿ ಗೆರೆ ಇಂಗ್ಲಿಷಿನ ಝಡ್ ಹಾಗೆ ಮಡಚಿದೆ. ಅಲ್ಲಿಗೆ ಇದು ಸ್ಟ್ರೊಮಾಟೊಲೈಟ್ ಅಲ್ಲ. ಅಲ್ವಾ?

ಹಟ್ಟಿ ಹುಡುಗ

ಅಲ್ಲ ಸರ್. ಪಟ್ಟಿ ಪಟ್ಟಿ ಕಬ್ಬಿಣದ ಕಲ್ಲು, ಭೂಮಿಯ ಒತ್ತಡಕ್ಕೆ ಮಡಿಚಿದೆ. ಕಪ್ಪು ಪಟ್ಟಿ ಮ್ಯಾಗ್ನಟೈಟ್, ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಖನಿಜ. ಕೆಂಪು ಜಾಸ್ಪರ್, ಅದೂ ಚರ್ಟ್ ಜಾತಿಯೇ, ಒಳಗೆ ಹೆಮಟೈಟ್ ಎಂಬ ಕೆಂಪು ಕಬ್ಬಿಣದ ಖನಿಜದ ಪುಡಿ. ಶಿಫ್ಟ್ ಅಣ್ಣ ಮೊದಲೇ ಹೇಳಿದ್ದರು.

ತೋರಣಗಲ್ಲು ಶಿಫ್ಟ್

ಹೇಳಿದ್ದೆ, ಆದರೆ ಯಾಕೆ ಅಂತ ಈಗ ಗೊತ್ತಾಯಿತು. ಹುಡುಗಿಗೆ ಬೇಜಾರಾಯಿತಾ ಸರ್?

ಸಂಡೂರು ಮೇಷ್ಟ್ರು

ಸ್ವಲ್ಪ ಆಯಿತು. ಟವೆಲ್ ಮಡಚಿಕೊಂಡು ಸುಮ್ಮನೆ ಕೂತಿದ್ದಳು.

ಗಂಗಾವತಿ ಅಕ್ಕ

ಬೇಜಾರು ಬೇಡ ಅನ್ನಿ. ಅವಳ ಪ್ರಶ್ನೆ ಅಲ್ಲಿಗೆ ಮುಗಿದಿಲ್ಲ. ಅಲೆ ಜೀವದ್ದಲ್ಲ, ಆದರೆ ಪಟ್ಟಿ?

ಆಗಿನ ಸಮುದ್ರದಲ್ಲಿ ಕಬ್ಬಿಣ ಉಪ್ಪಿನ ಹಾಗೆ ಕರಗಿತ್ತು. ಗಾಳಿಯಲ್ಲಿ ಆಕ್ಸಿಜನ್ ಇರಲಿಲ್ಲ, ಆದ್ದರಿಂದ ತುಕ್ಕು ಹಿಡಿಯುತ್ತಿರಲಿಲ್ಲ. ಕರಗಿದ ಕಬ್ಬಿಣ ತುಕ್ಕಾಗಿ ತಳಕ್ಕೆ ಇಳಿಯಬೇಕಾದರೆ ಏನೋ ಒಂದು ಅದನ್ನು ತುಕ್ಕು ಮಾಡಬೇಕು. ಸಯನೋಬ್ಯಾಕ್ಟೀರಿಯಾ ಬಿಸಿಲು ಕುಡಿದು ಆಕ್ಸಿಜನ್ ಬಿಟ್ಟರೆ ಹಾಗಾಗುತ್ತದೆ. ಗಾಳಿಯಲ್ಲಿ ಆಕ್ಸಿಜನ್ ನಿಂತದ್ದು ಸುಮಾರು 240 ಕೋಟಿ ವರ್ಷದ ಹಿಂದೆ, ಸಂಡೂರಿನ ಕಲ್ಲು ಅದಕ್ಕೂ ಹಳೆಯದು. ಅಂದರೆ ಆಕ್ಸಿಜನ್ ಬಿಡಲು ಶುರು ಮಾಡಿದ್ದ ಕಾಲದ್ದು ಇರಬಹುದು ಈ ಗುಡ್ಡ. ಎಷ್ಟು ದೊಡ್ಡ ಮಾತು ನೋಡಿ.

ರಾಯಚೂರು ಬಿಸಿಲು

ಆಕ್ಸಿಜನ್ ಒಂದೇ ದಾರಿ ಅಲ್ಲ, ಇದನ್ನೂ ಅವಳಿಗೆ ಹೇಳಿ. ಬೆಳಕಿನ ಬಲದಿಂದ ಕಬ್ಬಿಣವನ್ನೇ ನೇರವಾಗಿ ತುಕ್ಕು ಮಾಡುವ, ಆಕ್ಸಿಜನ್ ಬಿಡದ ಬ್ಯಾಕ್ಟೀರಿಯಾಗಳೂ ಇವೆ. 1993ರಲ್ಲಿ ಜರ್ಮನಿಯ ವಿಡ್ಡೆಲ್ ತಂಡ ಬದುಕಿರುವ ಇಂಥವನ್ನೇ ಹಿಡಿದು ತೋರಿಸಿತು. ನೇರಳಾತೀತ ಕಿರಣ ಒಂದರಿಂದಲೇ, ಜೀವ ಇಲ್ಲದೆ, ತುಕ್ಕಾಗಬಹುದು ಅನ್ನುವ ವಾದವೂ ಇದೆ. ಆದರೂ ಬ್ಯಾಕ್ಟೀರಿಯಾ ಕೈ ಇದೆ ಅನ್ನುವ ಕಡೆಗೇ ನನ್ನ ಒಲವು. ಸಂಡೂರಿನಲ್ಲಿ ಕಬ್ಬಿಣದ ಜೊತೆ ಮ್ಯಾಂಗನೀಸೂ ಇದೆಯಲ್ಲ, ದೇವಗಿರಿ ಕಡೆ. ಮ್ಯಾಂಗನೀಸ್ ತುಕ್ಕು ಹಿಡಿಯುವುದು ಕಬ್ಬಿಣಕ್ಕಿಂತ ಕಷ್ಟ. ಅದಕ್ಕೇ ಆ ಕಲ್ಲುಗಳ ಮೇಲೆ ಆಕ್ಸಿಜನ್ ಹುಡುಕುವವರ ಕಣ್ಣು.

ಹಟ್ಟಿ ಹುಡುಗ

ಕಬ್ಬಿಣದ ಕಲ್ಲಿನ ಇನ್ನೊಂದು ಕಥೆ ಹುಡುಗಿಗೆ ಹೇಳಿ. ಸ್ಟ್ಯಾನ್ಲಿ ಟೈಲರ್ ಅಂತ ಒಬ್ಬರು ಅಮೆರಿಕದ ಭೂವಿಜ್ಞಾನಿ. ಅವರು ಹುಡುಕಿದ್ದು ಪಳೆಯುಳಿಕೆ ಅಲ್ಲ, ಕಬ್ಬಿಣದ ಅದಿರು ಹೇಗಾಯಿತು ಅಂತ. ಕೆನಡಾದ ಸುಪೀರಿಯರ್ ಸರೋವರದ ದಂಡೆಯಲ್ಲಿ ಗನ್‌ಫ್ಲಿಂಟ್ ಎಂಬ ಕಬ್ಬಿಣದ ಕಲ್ಲಿನ ಜೊತೆ ಕಪ್ಪು ಚರ್ಟ್ ಸಿಕ್ಕಿತು. ತೆಳ್ಳಗೆ ಉಜ್ಜಿ ನೋಡಿದರೆ ಒಳಗೆ ಎಳೆಗಳು, ಗುಂಡುಗಳು. ಹಾರ್ವರ್ಡಿನ ಬಾರ್ಗ್‌ಹೂರ್ನ್ ಜೊತೆ ಸೇರಿ 1954ರಲ್ಲಿ ಪ್ರಕಟಿಸಿದರು. ವಯಸ್ಸು ಸುಮಾರು 188 ಕೋಟಿ ವರ್ಷ. ಅಷ್ಟು ಹಳೇ ಜೀವವನ್ನು ಜಗತ್ತು ನಂಬುವಂತೆ ಮಾಡಿದ್ದು ಆ ಕಲ್ಲು. ಅದಿರು ನೋಡಲು ಹೋದವರಿಗೆ ಜೀವ ಸಿಕ್ಕಿತು.

ಸಿರುಗುಪ್ಪ ರೈತ

ನಮ್ಮಲ್ಲಿ ಅದಿರು ನೋಡಲು ಬಂದವರು ಅದಿರು ಒಂದನ್ನೇ ನೋಡಿದರು.

ತೋರಣಗಲ್ಲು ಶಿಫ್ಟ್

ನಿಜ ಅಪ್ಪಾಜಿ. ಗಣಿ ಜೋರಿದ್ದ ಕಾಲದಲ್ಲಿ ನಮ್ಮಮ್ಮ ಒಣಹಾಕಿದ ಬಿಳಿ ಪಂಚೆ ಸಂಜೆಗೆ ಕೆಂಪಾಗಿರುತ್ತಿತ್ತು. ಆ ಧೂಳು 260 ಕೋಟಿ ವರ್ಷ ಹಳೇ ಸಮುದ್ರದ ತುಕ್ಕು ಅಂತ ಆಗ ಯಾರು ಹೇಳಿದರು? 2011ರಲ್ಲಿ ಸುಪ್ರೀಂ ಕೋರ್ಟ್ ಗಣಿ ನಿಲ್ಲಿಸಿದಾಗ ನಮಗೆ ಕೆಲಸ ಹೋಯಿತು, ಅದೂ ಕಷ್ಟವೇ. ಗುಡ್ಡವೂ ಬೇಕು, ಕೆಲಸವೂ ಬೇಕು.

ಹಂಪಿ ಗೈಡ್

ನನಗೆ ಗೊತ್ತಿದ್ದ ಒಂದು ಬಂಡೆ ಇತ್ತು ರಸ್ತೆ ಪಕ್ಕ, ಚಂದದ ಪದರ ಪದರ. ರಸ್ತೆ ಅಗಲ ಮಾಡುವಾಗ ಒಂದೇ ವಾರದಲ್ಲಿ ಜಲ್ಲಿ ಆಗಿಹೋಯಿತು. ಏನಿತ್ತೋ ಅದರಲ್ಲಿ, ಒಬ್ಬರೂ ನೋಡಲಿಲ್ಲ.

ಗಂಗಾವತಿ ಅಕ್ಕ

ರಾಜಸ್ಥಾನದ ಭೋಜುಂಡಾ, ಝಾಮರ್‌ಕೋಟ್ರಾ, ಸಿಕ್ಕಿಂನ ಮಾಮ್ಲೆ, ಈ ಮೂರು ಕಡೆಯ ಸ್ಟ್ರೊಮಾಟೊಲೈಟ್‌ಗಳಿಗೆ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಹೆಸರಿದೆ. ನಮ್ಮ ಪಕ್ಕದ ಚಿತ್ರದುರ್ಗದ ಮರಡಿಹಳ್ಳಿಯಲ್ಲಿ ಸಮುದ್ರದೊಳಗೆ ಹೆಪ್ಪುಗಟ್ಟಿದ ದಿಂಬಿನಾಕಾರದ ಲಾವಾಕ್ಕೂ ಇದೆ. ಸಂಡೂರಿನದ್ದು ಅವಕ್ಕಿಂತ ಕಡಿಮೆಯಾ? ನನ್ನ ಕೇಳಿದರೆ ಅಲ್ಲಿ ಒಂದು ಬಂಡೆಗಾದರೂ ಬೇಲಿ, ಬೋರ್ಡ್ ಬೇಕು. ಬೋರ್ಡಿನಲ್ಲಿ ಕನ್ನಡ ಮೊದಲು.

ಕುಷ್ಟಗಿ ಕಲ್ಲು

ಬೋರ್ಡಿನ ಕಲ್ಲು ನಾನು ಕೊಡುತ್ತೇನೆ. ಮಾತು ಕೊಟ್ಟೆ.

ರಾಯಚೂರು ಬಿಸಿಲು

ಮೇಷ್ಟ್ರೇ, ಕೊನೆಗೆ ಒಂದು ಕೋರಿಕೆ. ಮಕ್ಕಳಿಗೆ ಹೇಳಿ, ಇನ್ನು ಮುಂದೆ ಕಲ್ಲು ಕಿತ್ತು ತರುವುದು ಬೇಡ. ಕಲ್ಲು ಜಾಗ ಬಿಟ್ಟಿತು ಅಂದರೆ ಅರ್ಧ ಸಾಕ್ಷಿ ಹೋಯಿತು. ಯಾವ ಮುಖ ಮೇಲೆ ಇತ್ತು, ಪಕ್ಕದಲ್ಲಿ ಯಾವ ಕಲ್ಲಿತ್ತು, ಅದೇ ಮುಖ್ಯ. ಪೆನ್ನು ಪಕ್ಕ ಇಟ್ಟು ಫೋಟೋ ತೆಗೆಯಲಿ, ಅಳತೆ ಗೊತ್ತಾಗುತ್ತದೆ. ಮೇಲ್ಮುಖ ಯಾವುದು ಅಂತ ಬರೆದುಕೊಳ್ಳಲಿ.

ಸಂಡೂರು ಮೇಷ್ಟ್ರು · ಮಂಗಳವಾರ ರಾತ್ರಿ 9:05

ಸೋಮವಾರ ಕ್ಲಾಸಿನಲ್ಲಿ ಎಲ್ಲಾ ಹೇಳಿದೆ. ಹೆಜ್ಜೇನು, ಬೂದಿಗುಡ್ಡ, ಟೈಲರ್, ಆಜ್ಮಿ, ಎಲ್ಲಾ. ಗಂಟೆ ಹೊಡೆದರೂ ಯಾರೂ ಏಳಲಿಲ್ಲ. ಹುಡುಗಿ ಇವತ್ತು ಒಂದು ಚೀಟಿ ಕೊಟ್ಟಿದ್ದಾಳೆ, ಅವಳ ಮಾತಿನಲ್ಲೇ ಹಾಕುತ್ತೇನೆ:

"ಸರ್, ಅಪ್ಪನ ಜೊತೆ ಮತ್ತೆ ಹಳ್ಳಕ್ಕೆ ಹೋಗಿದ್ದೆ. ಕೆಂಪು ಕಲ್ಲಿನ ಮೇಲ್ಗಡೆ ಬೂದು ಬಣ್ಣದ ಕಲ್ಲು ಇದೆ. ಅಯಸ್ಕಾಂತ ಅಂಟಲಿಲ್ಲ. ಅದರಲ್ಲೂ ಉಬ್ಬುಬ್ಬು ಪದರ ಇದೆ. ಎಲ್ಲಾ ಉಬ್ಬು ಒಂದೇ ಕಡೆಗೆ ಇವೆ, ನೆತ್ತಿಯಲ್ಲಿ ದಪ್ಪ ಇದೆ. ನಾನು ಕೀಳಲಿಲ್ಲ. ಅಪ್ಪನ ಫೋನಿನಲ್ಲಿ ಪೆನ್ನು ಇಟ್ಟು ಫೋಟೋ ತೆಗೆದಿದ್ದೇನೆ. ಹಳ್ಳದ ಯಾವ ಕಡೆ ಅಂತ ಚಿತ್ರ ಬರೆದಿದ್ದೇನೆ. ಆಸಿಡ್ ಹನಿ ನೀವು ಬಂದಾಗ ಹಾಕೋಣ, ನಾನು ಉಗುರಿನಿಂದ ಕೆರೆದರೆ ಪುಡಿ ಬರಲಿಲ್ಲ, ಮೊಳೆ ಬೇಕು."

ಶನಿವಾರ ಮಧ್ಯಾಹ್ನ ಸ್ಕೂಲು ಬಿಟ್ಟ ಮೇಲೆ ಹೋಗುತ್ತಿದ್ದೇವೆ. ಫೋಟೋ ಕೆಳಗೆ ಹಾಕಿದ್ದೇನೆ.

ಹಟ್ಟಿ ಹುಡುಗ

ಸರ್, ನಾನು ಶುಕ್ರವಾರ ರಾತ್ರಿ ಬಸ್ಸಿಗೇ ಹೊರಡುತ್ತೇನೆ. ಲೆನ್ಸ್ ತರುತ್ತೇನೆ.

ರಾಯಚೂರು ಬಿಸಿಲು

ಫೋಟೋ ದೊಡ್ಡದು ಮಾಡಿ ಮೂರು ಸಲ ನೋಡಿದೆ. ಗುಂಡಿಗಳಲ್ಲಿ ಮರಳು ತುಂಬಿದೆಯಾ ಅಂತ ಮೊದಲು ನೋಡಿ. ಆಸಿಡ್ ನಾನು ತರುತ್ತೇನೆ, ನನಗೂ ಒಂದು ಸೀಟು ಇರಲಿ.